ಇಂಜಿನ್ ಇಲ್ಲದ ವಿಮಾನಕ್ಕೂ ಸಬ್ಸಿಡಿ: 250 ಪೌಂಡು, ಮೂರು ಬಿಲ್ಲು, ಒಂದು ದೆವ್ವ

ಅಪ್ಪನಿಗೆ ಫೋನಿನಲ್ಲಿ ವಿಷಯ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಇಂಜಿನ್ನೇ ಇಲ್ಲದ ವಿಮಾನಕ್ಕೆ ಸರ್ಕಾರ ಸಬ್ಸಿಡಿ ಕೊಡುತ್ತೇನೋ?" ಅಂದರು. ವಿಮಾನಕ್ಕಲ್ಲ ಅಪ್ಪ, ಅದರೊಳಗೆ ಇಡೋ ಒಂದು ಡಬ್ಬಿಗೆ ಅಂದೆ. "ಏನಾದ್ರೂ ಆಗ್ಲಿ, ಬಿಲ್ಲು ನಿನ್ನ ಹೆಸರಿಗೇ ಮಾಡಿಸ್ಕೊ. ಮಿಕ್ಕಿದ್ದು ಆಮೇಲೆ."

ಚಿಕ್ಕನಾಯಕನಹಳ್ಳಿ ಹತ್ತಿರ ನಮ್ಮದು ತೆಂಗಿನ ತೋಟ. ಹನಿ ನೀರಾವರಿ ಪೈಪಿನ ಸಬ್ಸಿಡಿಗೆ ಪಹಣಿ ತಾತನ ಹೆಸರಲ್ಲಿ, ಬಿಲ್ಲು ಅಪ್ಪನ ಹೆಸರಲ್ಲಿ ಆಗಿಹೋಗಿ, ಒಂದು ಬೇಸಿಗೆ ಪೂರ್ತಿ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಇಟ್ಟುಕೊಂಡು ಬಸ್ಸು ಹತ್ತಿ ಇಳಿದ ಮನುಷ್ಯ. ಅವರ ಮಾತು ಕೇಳಿಸಿಕೊಂಡೆ. ಕೇಳಲಿಲ್ಲ. ಅದರ ಫಲವೇ ಈ ವಿಮರ್ಶೆಯ ಅರ್ಧ ಭಾಗ. ವಿಮರ್ಶೆ ಸ್ಕೈಎಕೊ 2 ಅನ್ನುವ ಡಬ್ಬಿಯದು, ಅದಕ್ಕೆ ಬ್ರಿಟನ್ ಸರ್ಕಾರ ಕೊಟ್ಟ ಸಬ್ಸಿಡಿಯದು. ಹಾರುವಾಗ ನಾವು ಎಲ್ಲಿದ್ದೇವೆ ಅಂತ ಬೇರೆ ವಿಮಾನಗಳಿಗೆ ರೇಡಿಯೊದಲ್ಲಿ ಹೇಳುವ ಡಬ್ಬಿ ಅದು.

ನಾನಿರುವುದು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನಲ್ಲಿ. ಆಸ್ಪತ್ರೆಯ ರಕ್ತಪರೀಕ್ಷೆ ಲ್ಯಾಬಿನಲ್ಲಿ ಕೆಲಸ, ಶನಿವಾರ ಭಾನುವಾರ ಆ ಇಂಜಿನ್ ಇಲ್ಲದ ವಿಮಾನ, ಗ್ಲೈಡರ್. ಗ್ಲೈಡರ್ ಅಂದರೆ ದುಡ್ಡಿದ್ದವರ ಆಟ ಅಂದುಕೊಳ್ಳಬೇಡಿ. ಇಲ್ಲಿ ಬಹಳ ಜನ ಪಾಲುದಾರಿಕೆಯಲ್ಲಿ ಇಟ್ಟುಕೊಳ್ಳುತ್ತಾರೆ, ಅದಕ್ಕೆ ಸಿಂಡಿಕೇಟ್ ಅನ್ನುತ್ತಾರೆ. ನಮ್ಮದು ಮೂವರದು: ನಿವೃತ್ತ ಮೇಷ್ಟ್ರು ಒಬ್ಬರು, ಪ್ಲಂಬರ್ ಒಬ್ಬ, ನಾನು. ಗ್ಲೈಡರ್ ಆಸ್ಟಿರ್ ಸಿಎಸ್, ಜರ್ಮನಿಯ ಗ್ರೋಬ್ ಕಂಪನಿಯದು, 1976ರ ಮಾಲು. ನನಗಿಂತ ಮೂರು ವರ್ಷಕ್ಕೆ ಹಿರಿಯಕ್ಕ. ರೆಕ್ಕೆ ತುದಿಯಿಂದ ತುದಿಗೆ 15 ಮೀಟರ್, ಮೈಯೆಲ್ಲ ಗ್ಲಾಸ್ ಫೈಬರ್, ಬಣ್ಣ ಬಿಳಿ.

ಈ ಬಿಳಿ ಬಣ್ಣವೇ ತೊಂದರೆ. ಬಿಸಿಲಿಗೆ ರಾಳ ಮೆತ್ತಗಾಗಬಾರದು ಅಂತ ಹೀಗೆ ಬಿಳಿ ಬಳಿಯುತ್ತಾರೆ, ಆದರೆ ಬಿಳಿ ಮೋಡದ ಕೆಳಗೆ ಎದುರಿನಿಂದ ಬರುವ ಗ್ಲೈಡರ್ ಅಂದರೆ ಒಂದು ತೆಳ್ಳನೆ ಗೆರೆ, ನಡುವೆ ಒಂದು ಚುಕ್ಕೆ, ಅಷ್ಟೆ. ನಾವು ಹಾರುವ ಜಾಗದಲ್ಲಿ ಕಂಟ್ರೋಲರ್ ಯಾರೂ "ಎಡಕ್ಕೆ ತಿರುಗು" ಅನ್ನುವುದಿಲ್ಲ. ಕಣ್ಣಲ್ಲಿ ನೋಡು, ತಪ್ಪಿಸಿಕೊ, ಇದೇ ನಿಯಮ. ಮೇಲಿಂದ ನಮ್ಮ ಕಡೆ ಆಕಾಶವೂ ಕಿಷ್ಕಿಂಧೆ. 2020ರ ಫೆಬ್ರವರಿಯಲ್ಲಿ ಫಾರ್ನ್‌ಬರೋ ವಿಮಾನ ನಿಲ್ದಾಣದ ಸುತ್ತ ಹೊಸ ನಿಯಂತ್ರಿತ ವಾಯುಪ್ರದೇಶ, ಅಂದರೆ ಅನುಮತಿ ಇಲ್ಲದೆ ಒಳಗೆ ಹೋಗಬಾರದ ಆಕಾಶ, ಜಾರಿಗೆ ಬಂತು. ಪಕ್ಕದ ಲಾಷಮ್, ಪ್ರಪಂಚದಲ್ಲೇ ದೊಡ್ಡ ಗ್ಲೈಡಿಂಗ್ ಕ್ಲಬ್‌ಗಳಲ್ಲಿ ಒಂದು, ಅದರ ವಿರುದ್ಧ ಕೋರ್ಟಿಗೆ ಹೋಗಿ 2019ರಲ್ಲೇ ಸೋತಿತ್ತು. ಉಳಿದ ಸಂದಿಯಲ್ಲಿ ಗ್ಲೈಡರ್, ಸಣ್ಣ ವಿಮಾನ, ಹೆಲಿಕಾಪ್ಟರ್ ಎಲ್ಲ ಒಟ್ಟಿಗೆ ನುಸುಳಬೇಕು.

ನಮ್ಮ ಆಸ್ಟಿರ್‌ನಲ್ಲಿ ಪವರ್‌ಫ್ಲಾರ್ಮ್ ಅನ್ನುವ, ಫ್ಲಾರ್ಮ್ ಜಾತಿಯ ಡಬ್ಬಿ ಮೊದಲೇ ಇತ್ತು. ಫ್ಲಾರ್ಮ್ ಅನ್ನೋದು ಸ್ವಿಟ್ಜರ್ಲೆಂಡಿನಲ್ಲಿ ಗ್ಲೈಡರ್ ಹಾರಿಸುವವರೇ 2004ರಲ್ಲಿ ಶುರು ಮಾಡಿದ್ದು. ಪ್ರತಿ ಡಬ್ಬಿಯೂ ತಾನು ಎಲ್ಲಿದ್ದೇನೆ, ಮುಂದಿನ ಕೆಲವು ಸೆಕೆಂಡಿನಲ್ಲಿ ಎಲ್ಲಿರುತ್ತೇನೆ ಅಂತ ರೇಡಿಯೊದಲ್ಲಿ ಹೇಳುತ್ತಿರುತ್ತದೆ. ಎರಡರ ದಾರಿ ಕೂಡಿದರೆ ಕಿರುಚುತ್ತದೆ. ಒಂದೇ ಥರ್ಮಲ್‌ನಲ್ಲಿ, ಅಂದರೆ ಮೇಲೇಳುವ ಬಿಸಿಗಾಳಿಯಲ್ಲಿ, ಏಳೆಂಟು ಗ್ಲೈಡರ್ ಒಂದರ ಮೇಲೊಂದು ಸುತ್ತುವಾಗ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ಆದರೆ ಫ್ಲಾರ್ಮ್ ಹೇಳಿದ್ದು ಫ್ಲಾರ್ಮ್ ಇದ್ದವರಿಗೇ ಕೇಳೋದು. ಇಂಜಿನ್ ವಿಮಾನದವರ ಬಳಿ ಇರುವುದು ಇದೇ ಕೆಲಸವನ್ನು ಬೇರೆ ರೇಡಿಯೊ ಭಾಷೆಯಲ್ಲಿ ಮಾಡುವ ಎಡಿಎಸ್-ಬಿ, ಇಲ್ಲವೆ ಬ್ರಿಟನ್ನಿನದೇ ಪೈಲಟ್‌ಅವೇರ್. 2020ರ ಆಗಸ್ಟಿನಲ್ಲಿ ಒಂದು ಸಿಂಗಲ್ ಇಂಜಿನ್ ವಿಮಾನ ನನ್ನ ಮೂಗಿನ ಕೆಳಗಿಂದಲೇ ಎಡದಿಂದ ಬಲಕ್ಕೆ ದಾಟಿಹೋಯಿತು. ಅದರ ರೆಕ್ಕೆ ಮೇಲಿನ ಅಕ್ಷರ ಓದುವಷ್ಟು ಹತ್ತಿರ. ನನ್ನ ಡಬ್ಬಿ ಕಮಕ್ ಕಿಮಕ್ ಅನ್ನಲಿಲ್ಲ. ಆ ಪೈಲಟ್ಟಿಗೆ ನಾನು ಇದ್ದೆ ಅಂತಲೇ ಗೊತ್ತಿಲ್ಲ. ಇಳಿದ ಮೇಲೆ ಮೇಷ್ಟ್ರು ಟೀ ಕೊಟ್ಟರು, ಕಪ್ಪು ಹಿಡಿಯಲಾಗದೆ ಹುಲ್ಲಿನ ಮೇಲಿಟ್ಟೆ.

ಆ ಅಕ್ಟೋಬರಿನಲ್ಲೇ ಯೋಜನೆ ಬಂತು. ದುಡ್ಡು ಬ್ರಿಟನ್ನಿನ ಸಾರಿಗೆ ಇಲಾಖೆಯದು, ಮೊದಲ ಕಂತಿಗೆ 20 ಲಕ್ಷ ಪೌಂಡ್. ಹಂಚಿದ್ದು ಅಲ್ಲಿನ ವಿಮಾನಯಾನ ನಿಯಂತ್ರಕ ಸಂಸ್ಥೆ ಸಿವಿಲ್ ಏವಿಯೇಷನ್ ಅಥಾರಿಟಿ, ಅಂದರೆ ಸಿಎಎ. ಆಕಾಶದಲ್ಲಿ ನಿಮ್ಮನ್ನು ಇತರರಿಗೆ ತೋರಿಸುವ ಸಾಧನ ಕೊಂಡರೆ ಬೆಲೆಯ ಅರ್ಧ ವಾಪಸ್, ಗರಿಷ್ಠ 250 ಪೌಂಡ್. ಮೊದಲು ನೀವೇ ಪೂರ್ತಿ ದುಡ್ಡು ಕೊಟ್ಟು ಕೊಳ್ಳಬೇಕಿತ್ತು, ಆಮೇಲೆ ಬಿಲ್ಲು ತೋರಿಸಿ ಕೇಳಬೇಕಿತ್ತು. ಮೊದಲು ಬಂದವರಿಗೆ ಮೊದಲು, ಹಣ ಮುಗಿದರೆ ಮುಗಿಯಿತು. ಆಮೇಲೆ ಅವಧಿಯನ್ನು ಹಲವು ಸಲ ಮುಂದೂಡಿದರು. ಇದನ್ನು ಓದಿ ಆಸೆಪಟ್ಟು ಕಾರ್ಡು ತೆಗೆಯುವ ಮುಂಚೆ ಯೋಜನೆಯ ಕಿಟಕಿ ಇನ್ನೂ ತೆರೆದಿದೆಯಾ ಅಂತ ನೋಡಿಕೊಳ್ಳಿ.

ನಾವು ಆರಿಸಿದ್ದು ಯುಏವಿಯೊನಿಕ್ಸ್ ಕಂಪನಿಯ ಸ್ಕೈಎಕೊ 2, ಎಡಿಎಸ್-ಬಿ ಭಾಷೆಯಲ್ಲಿ ಮಾತಾಡುವ ಡಬ್ಬಿ. ಚರ್ಚೆ ಮೂರು ವಾರ ನಡೆಯಿತು, ಆ ಚಳಿಗಾಲದ ಲಾಕ್‌ಡೌನ್‌ನಲ್ಲಿ ಮಾಡೋಕೆ ಬೇರೆ ಕೆಲಸವಾದರೂ ಏನಿತ್ತು. ಗ್ಲೈಡರ್ ಟ್ರೇಲರಿನಲ್ಲಿ ಮಲಗಿತ್ತು. ಪ್ಲಂಬರನಿಗೆ ಸರಿಯಾದ ಟ್ರಾನ್ಸ್‌ಪಾಂಡರ್, ಅಂದರೆ ರಡಾರ್ ಕೇಳಿದರೆ ಉತ್ತರ ಕೊಡುವ ಸಾಧನ, ಬೇಕಿತ್ತು. ಅದಕ್ಕೆ ಫಲಕ ಕೊರೆಯಬೇಕು, ಆಂಟೆನಾ ಕೂರಿಸಬೇಕು, ಅರ್ಹ ಇನ್‌ಸ್ಪೆಕ್ಟರ್ ಸಹಿ ಬೇಕು, ಬೆಲೆ ಸಾವಿರಗಳ ಲೆಕ್ಕದಲ್ಲಿ. ಸ್ಕೈಎಕೊ ಕೈಯಲ್ಲಿ ಹಿಡಿದು ಒಳಗೆ ಇಡುವ ವಸ್ತು. ಜಿಪಿಎಸ್, ಆಂಟೆನಾ, ಬ್ಯಾಟರಿ ಎಲ್ಲ ಒಳಗೇ. ವಿಮಾನದ ಮೈಗೆ ಒಂದು ತೂತೂ ಬೇಡ. ವ್ಯಾಟ್ ಸೇರಿ ಐನೂರು ಪೌಂಡಿಗಿಂತ ಸ್ವಲ್ಪ ಮೇಲೆ. ಹಾಗಾಗಿ ನಮಗೆ ಸಿಗುವುದು ಸರಿಯಾಗಿ 250.

ಈಗ ಬಿಲ್ಲಿನ ಕಥೆ.

ಆರ್ಡರ್ ಮಾಡಿದ್ದು ಮೇಷ್ಟ್ರು, ನಮ್ಮ ಖಜಾಂಚಿ ಅವರೇ. ದುಡ್ಡು ಹೋದದ್ದು ಮೂವರ ಜಂಟಿ ಖಾತೆಯಿಂದ. ಅಂಗಡಿಯವರು ಬಿಲ್ಲು ಮಾಡಿದ್ದು "ಆಸ್ಟಿರ್ ಗ್ರೂಪ್" ಅನ್ನುವ ಹೆಸರಿಗೆ. ಅದು ನಾವು ಬ್ಯಾಂಕಿನಲ್ಲಿ ಇಟ್ಟುಕೊಂಡ ಅಡ್ಡಹೆಸರು, ಮನುಷ್ಯನೂ ಅಲ್ಲ ಸಂಸ್ಥೆಯೂ ಅಲ್ಲ. ಅರ್ಜಿ ಹಾಕಬೇಕಾದವನು ನಾನು. ಸಾಲದ್ದಕ್ಕೆ ಸಾಧನ, ಕಿಟಕಿಗೆ ಅಂಟಿಸುವ ಹೆಚ್ಚುವರಿ ಹಿಡಿ, ಕೇಬಲ್, ಅಂಚೆ ಖರ್ಚು ಎಲ್ಲ ಒಂದೇ ಸಾಲಿನಲ್ಲಿ "ಕಿಟ್, 1" ಅಂತ ಬರೆದಿತ್ತು. ಅರ್ಧ ಅಂದರೆ ಯಾವುದರ ಅರ್ಧ? ಅರ್ಜಿ ತೆರೆದು ಕೂತವನು ಬಿಲ್ಲು ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ಅಪ್ಪನ ಪ್ಲಾಸ್ಟಿಕ್ ಕವರು ಕಣ್ಣ ಮುಂದೆ ಬಂತು.

ಅಂಗಡಿಗೆ ಬರೆದೆ. ಒಂದು ವಾರಕ್ಕೆ ಎರಡನೇ ಬಿಲ್ಲು ಬಂತು. ಸಾಲು ಸಾಲಾಗಿ ಬಿಡಿಸಿದ್ದಾರೆ, ಚೆನ್ನಾಗಿದೆ. ಹೆಸರು ಮಾತ್ರ ಮೇಷ್ಟ್ರದ್ದು. ಮತ್ತೆ ಬರೆದೆ. "ತೆರಿಗೆ ಬಿಲ್ಲು ಒಮ್ಮೆ ಕೊಟ್ಟ ಮೇಲೆ ಹೆಸರು ಬದಲಿಸಲಾಗದು" ಅಂತ ಉತ್ತರ. ಫೋನು ಮಾಡಿದರೆ ಸಂಗೀತ. ಸಂಗೀತ ಮುಗಿದ ಮೇಲೆ ಒಬ್ಬ ಹುಡುಗ ಸಿಕ್ಕಿ, ನಿಜ ಹೇಳಿದ: ಹಳೆಯ ಮಾರಾಟ ರದ್ದು ಮಾಡಿ ದುಡ್ಡು ಜಂಟಿ ಖಾತೆಗೆ ವಾಪಸ್ ಹಾಕಿ, ನಾನು ನನ್ನ ಕಾರ್ಡಿನಲ್ಲಿ ಹೊಸದಾಗಿ ಕೊಂಡಂತೆ ಮಾಡಬೇಕು. ಡಬ್ಬಿ ಆಗಲೇ ನನ್ನ ಊಟದ ಮೇಜಿನ ಮೇಲಿತ್ತು, ಹೆಂಡತಿ ಅದರ ಮೇಲೆ ಕೊತ್ತಂಬರಿ ಸೊಪ್ಪಿನ ಕಟ್ಟು ಇಟ್ಟಿದ್ದಳು. ಇದ್ದ ಜಾಗದಿಂದ ಅಲುಗಾಡದೆ ಅದು ಒಮ್ಮೆ ವಾಪಸ್ ಹೋಗಿ ಮತ್ತೆ ಮಾರಾಟವಾಯಿತು. ಮೂರನೇ ಬಿಲ್ಲು ಬಂದಾಗ ಒಟ್ಟು ಇಪ್ಪತ್ತಮೂರು ದಿನ. ಆ ಅಂಗಡಿಗೆ ನನ್ನ ಕಡೆಯಿಂದ ಐದಕ್ಕೆ ಎರಡು, ಅದರಲ್ಲಿ ಒಂದೂವರೆ ಆ ಹುಡುಗನಿಗೆ.

ಬಿಲ್ಲು ಸರಿಯಾದ ಮೇಲೆ ಅರ್ಜಿ ಬಗ್ಗೆ ಬರೆಯೋಕೆ ಏನೂ ಉಳಿಯಲಿಲ್ಲ ಅನ್ನೋದೇ ಅದರ ಹೊಗಳಿಕೆ. ಆನ್‌ಲೈನ್ ಫಾರಂ, ಬಿಲ್ಲಿನ ಪ್ರತಿ, ಬ್ಯಾಂಕ್ ವಿವರ. ಎರಡನೇ ಕಪ್ ಕಾಫಿ ಆರುವಷ್ಟರಲ್ಲಿ ಮುಗಿಯಿತು. ಗೆಜೆಟೆಡ್ ಅಧಿಕಾರಿ ಸಹಿ ಇಲ್ಲ, ಮೂರು ಪ್ರತಿ ಇಲ್ಲ, "ಸಾಹೇಬ್ರು ಮೀಟಿಂಗಲ್ಲಿದಾರೆ" ಇಲ್ಲ. ನಾನು ಬರೀ ಸಾಧನದ ಸಾಲಿನ ಮೊತ್ತ ಕೇಳಿದೆ, ಹಿಡಿ ಕೇಬಲ್ಲುಗಳ ತಂಟೆಗೆ ಹೋಗಲಿಲ್ಲ. ಹೇಗೂ ಮಿತಿ ಮುಟ್ಟಿತ್ತು. ಕೆಲವು ವಾರ ಬಿಟ್ಟು ಒಂದು ಬೆಳಿಗ್ಗೆ ಖಾತೆಯಲ್ಲಿ 250 ಪೌಂಡ್ ಕೂತಿತ್ತು. ಅಪ್ಪನಿಗೆ ಹೇಳಿದೆ. "ಯಾರಿಗೂ ಏನೂ ಕೊಡಲಿಲ್ವಾ?" ಅಂತ ಎರಡು ಸಲ ಕೇಳಿದರು.

ಮಾರ್ಚ್ ಕೊನೆಗೆ ಹಾರಾಟ ಮತ್ತೆ ಶುರುವಾಯಿತು. ಡಬ್ಬಿ ಸುಮಾರು 120 ಗ್ರಾಂ, ಒಂದು ಮುಷ್ಟಿಯಲ್ಲಿ ಹಿಡಿಯಬಹುದು. ರಬ್ಬರ್ ಬಟ್ಟಲಿನಿಂದ ಕ್ಯಾನೊಪಿಗೆ, ಅಂದರೆ ಪೈಲಟ್ಟಿನ ತಲೆ ಮೇಲಿನ ಪಾರದರ್ಶಕ ಮುಚ್ಚಳಕ್ಕೆ, ಅಂಟಿಸುತ್ತೇವೆ, ಜಿಪಿಎಸ್‌ಗೆ ಆಕಾಶ ಕಾಣಬೇಕು. ಮೊದಲ ದಿನ ಅದನ್ನು ನೇರ ಎದುರಿಗೇ ಅಂಟಿಸಿದ್ದೆ. ಎದುರಿನ ವಿಮಾನ ಕಾಣಲಿ ಅಂತ ತಂದ ವಸ್ತು ಎದುರಿನ ಆಕಾಶವನ್ನೇ ಮರೆ ಮಾಡಿತ್ತು. ಈಗ ಬಲಗಡೆ, ಭುಜದ ಹಿಂದೆ. ಕ್ಯಾನೊಪಿ ತಣ್ಣಗಿದ್ದಾಗ ರಬ್ಬರ್ ಹಿಡಿಯುವುದಿಲ್ಲ, ನೆಲದ ಮೇಲಿನ ವಿಂಚ್ ಯಂತ್ರ ಹಗ್ಗದಿಂದ ಗ್ಲೈಡರನ್ನು ಮೇಲಕ್ಕೆ ಎಳೆಯುವಾಗ ಕಳಚಿ ಮಡಿಲಿಗೆ ಬಿದ್ದರೆ ಹುಡುಗಾಟವಲ್ಲ. ಅದಕ್ಕೇ ಒಂದು ದಾರವನ್ನೂ ಕಟ್ಟಿದ್ದೇವೆ. ಬ್ಯಾಟರಿ ಹನ್ನೆರಡು ಗಂಟೆ ಅನ್ನುತ್ತಾರೆ. ನನ್ನ ಅತಿ ಉದ್ದದ ಹಾರಾಟ ಐದು ಗಂಟೆ ಚಿಲ್ಲರೆ, ಇಳಿದಾಗಲೂ ಅದರಲ್ಲಿ ಜೀವವಿತ್ತು, ನನ್ನಲ್ಲಿ ಇರಲಿಲ್ಲ.

ನಮ್ಮ ಹಿರಿಯಕ್ಕನ ಗ್ಲಾಸ್ ಫೈಬರ್ ಮೈ ಇಲ್ಲಿ ವರವಾಯಿತು. ಗ್ಲಾಸ್ ಫೈಬರ್ ರೇಡಿಯೊ ಅಲೆಯನ್ನು ಸಲೀಸಾಗಿ ಬಿಡುತ್ತದೆ, ಕಾರ್ಬನ್ ಫೈಬರ್ ತಡೆಯುತ್ತದೆ. ಕ್ಲಬ್ಬಿನಲ್ಲಿ ಹೊಸ ಕಾರ್ಬನ್ ಗ್ಲೈಡರ್ ಇಟ್ಟುಕೊಂಡವರು ಡಬ್ಬಿಯನ್ನು ಎಲ್ಲಿಟ್ಟರೆ ಸಿಗ್ನಲ್ ಹೊರಗೆ ಹೋಗುತ್ತೆ ಅಂತ ಅಲ್ಲಿಂದಿಲ್ಲಿ, ಇಲ್ಲಿಂದಲ್ಲಿ ಇಟ್ಟು ನೋಡುತ್ತಿರುತ್ತಾರೆ. ನಮ್ಮದನ್ನು ನಾವು ಹೆಮ್ಮೆಯಿಂದ ಸವರುತ್ತೇವೆ.

ಇನ್ನು ದೆವ್ವ.

ಸ್ಕೈಎಕೊಗೆ ನಿಮ್ಮ ವಿಮಾನದ ಗುರುತುಸಂಖ್ಯೆ ಹೇಳಿಕೊಡಬೇಕು. ಪ್ರತಿ ವಿಮಾನಕ್ಕೂ ಆರು ಅಂಕಿ-ಅಕ್ಷರದ ಒಂದು ಐಸಿಎಒ (ಅಂತರರಾಷ್ಟ್ರೀಯ ವಿಮಾನಯಾನ ಸಂಸ್ಥೆ) ಸಂಕೇತ ಇರುತ್ತದೆ, ಬ್ರಿಟನ್ನಿನವು 4ರಿಂದ ಶುರು. ಸಿಎಎಯ ಜಿ-ಇನ್ಫೊ ಪಟ್ಟಿಯಲ್ಲಿ ನೋಂದಣಿ ಹಾಕಿದರೆ ಸಿಗುತ್ತದೆ. ಫೋನನ್ನು ಡಬ್ಬಿಯ ವೈಫೈಗೆ ಸೇರಿಸಿ ಅದನ್ನು ಟೈಪ್ ಮಾಡಬೇಕು, "ಗ್ಲೈಡರ್" ಅಂತ ವರ್ಗ ಆರಿಸಬೇಕು, ಪ್ರಸಾರ ಚಾಲೂ ಮಾಡಬೇಕು. ಮಾಡಿದೆ. ಆ ಭಾನುವಾರ ವಿಂಚ್ ಹಗ್ಗ ಬಿಟ್ಟು ಎಡಕ್ಕೆ ತಿರುಗಿದ್ದೇ ತಡ, ಹಳೆಯ ಪವರ್‌ಫ್ಲಾರ್ಮ್ ಬೊಬ್ಬೆ ಹೊಡೆಯೋಕೆ ಶುರು ಮಾಡಿತು. ಕೆಂಪು ದೀಪ. ದೂರ ಸೊನ್ನೆ, ಎತ್ತರ ವ್ಯತ್ಯಾಸ ಸೊನ್ನೆ. ಮೇಲೆ ನೋಡಿದೆ, ಕತ್ತು ಉಳುಕುವಷ್ಟು ಹಿಂದೆ ನೋಡಿದೆ, ರೆಕ್ಕೆ ವಾಲಿಸಿ ಕೆಳಗೆ ನೋಡಿದೆ. ಯಾರೂ ಇಲ್ಲ. ಬಲಕ್ಕೆ ತಿರುಗಿದರೆ ಅದೂ ಬಲಕ್ಕೆ. ವೇಗ ಹೆಚ್ಚಿಸಿದರೆ ಅದೂ ಹೆಚ್ಚಿಸಿತು. ಊರಿನ ಹುಣಸೆಮರದ ಕಥೆಗಳೆಲ್ಲ ಅಷ್ಟು ಎತ್ತರದಲ್ಲಿ ನೆನಪಿಗೆ ಬಂದವು. ಒಂದು ಸುತ್ತು ಹಾಕಿ ನೇರ ಇಳಿದೆ.

ದೆವ್ವ ನಾನೇ. ಪವರ್‌ಫ್ಲಾರ್ಮ್ ತಾನು ಎಡಿಎಸ್-ಬಿಯಲ್ಲಿ ಮಾತಾಡದಿದ್ದರೂ ಬೇರೆಯವರ ಎಡಿಎಸ್-ಬಿಯನ್ನು ಕೇಳಿಸಿಕೊಳ್ಳುತ್ತದೆ. ಎರಡು ಡಬ್ಬಿಗೂ ಒಂದೇ ಸಂಕೇತ ಕೊಟ್ಟಿದ್ದರೆ "ಓ, ಇದು ನಾನೇ" ಅಂತ ಸುಮ್ಮನಾಗುತ್ತದೆ. ಬೇರೆ ಬೇರೆ ಇದ್ದರೆ ಪಕ್ಕದಲ್ಲೇ ಇನ್ನೊಂದು ವಿಮಾನ ಅಂಟಿಕೊಂಡಿದೆ ಅಂತ ತಿಳಿಯುತ್ತದೆ. ನಾನು ಎರಡಕ್ಕೂ ಒಂದೇ ಹಾಕಿದ್ದೆನಲ್ಲ? ಮೇಷ್ಟ್ರು ಕನ್ನಡಕ ಹಣೆಗೇರಿಸಿ ಎರಡನ್ನೂ ಒಂದೊಂದೇ ಅಕ್ಷರ ಓದಿದರು. ಸ್ಕೈಎಕೊದಲ್ಲಿ 'ಬಿ' ಇರಬೇಕಾದ ಕಡೆ 8 ಇತ್ತು. ದಿನಕ್ಕೆ ಇನ್ನೂರು ರಕ್ತದ ನಳಿಕೆಯ ಚೀಟಿ ಓದಿ, ಒಂದಕ್ಷರ ತಪ್ಪಿದ ಕಿರಿಯರಿಗೆ ಉಪದೇಶ ಮಾಡುವವನು ನಾನು. ಲ್ಯಾಬಿನಲ್ಲಿ ಈ ವಿಷಯ ಇನ್ನೂ ಹೇಳಿಲ್ಲ. ತಮಾಷೆಯ ಆಚೆಗೆ, ಆ ಒಂದು ಹಾರಾಟದಲ್ಲಿ ಆಕಾಶಕ್ಕೆಲ್ಲ ನಾನು ಬೇರೆ ಯಾವುದೋ ವಿಮಾನ ಅಂತ ಸಾರಿಕೊಂಡು ಬಂದಿದ್ದೆ.

ಡಬ್ಬಿಯ ಕೆಲಸ ಹೇಗಿದೆ ಅಂದರೆ, ಇದಾದ ಮೇಲೆ ಹೇಗಿರಬೇಕೋ ಹಾಗಿದೆ. ಇಂಜಿನ್ ವಿಮಾನದವರು ನಮ್ಮಿಂದ ದೂರ ಬಾಗಿ ಹೋಗುವುದನ್ನು ಮೂರು ನಾಲ್ಕು ಸಲ ಕಣ್ಣಾರೆ ಕಂಡಿದ್ದೇನೆ. ಮುಂಚೆ ಹಾಗೆ ಬಾಗಿದ್ದು ನೆನಪಿಲ್ಲ. ಆದರೆ ಇದನ್ನು ಟ್ರಾನ್ಸ್‌ಪಾಂಡರ್ ಅಂದುಕೊಂಡು ಕೊಳ್ಳಬೇಡಿ, ಪ್ಲಂಬರ್ ಹೇಳಿದ್ದು ಆ ಮಟ್ಟಿಗೆ ಸರಿ. ರಡಾರ್ ಕೇಳಿದ ಪ್ರಶ್ನೆಗೆ ಇದು ಉತ್ತರ ಕೊಡುವುದಿಲ್ಲ. ದೊಡ್ಡ ಪ್ರಯಾಣಿಕ ವಿಮಾನಗಳ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ವ್ಯವಸ್ಥೆ ಕೆಲಸ ಮಾಡೋದು ಟ್ರಾನ್ಸ್‌ಪಾಂಡರ್ ಉತ್ತರ ನಂಬಿ, ಅದು ನಿಮಗಾಗಿ ದಾರಿ ಬಿಡುವುದಿಲ್ಲ. ಏನೂ ಇಟ್ಟುಕೊಳ್ಳದೆ ಹಾರುವ ಹಳೆಯ ಮರದ ಗ್ಲೈಡರು, ಪ್ಯಾರಾಗ್ಲೈಡರು ಇದ್ದೇ ಇವೆ, ಅವು ಯಾವ ಪರದೆಯ ಮೇಲೂ ಬರವು. ಕತ್ತು ತಿರುಗಿಸುವ ಕೆಲಸ ಕಮ್ಮಿಯಾಗಿಲ್ಲ. ಇನ್ನೊಂದು ಮಾತು: ಫ್ಲಾರ್ಮ್ ಇಟ್ಟವರು ವರ್ಷಕ್ಕೊಮ್ಮೆಯಾದರೂ ಅದರ ಸಾಫ್ಟ್‌ವೇರ್ ಹೊಸದು ಮಾಡಬೇಕು. ಹೊಸದು ತಂದ ಉತ್ಸಾಹದಲ್ಲಿ ಹಳೆಯದನ್ನು ಮರೆಯಬೇಡಿ.

ಆಸ್ಟ್ರೇಲಿಯದಲ್ಲಿರುವ ನಮ್ಮವರು ಯಾರಾದರೂ ಈ ಹುಚ್ಚಿಗೆ ಬಿದ್ದಿದ್ದರೆ ಅಲ್ಲಿನ ಸರ್ಕಾರ ಇನ್ನೂ ಧಾರಾಳಿ: 2022ರಲ್ಲಿ ಶುರುವಾದ ಎಡಿಎಸ್-ಬಿ ಯೋಜನೆಯಲ್ಲಿ ಅರ್ಧ ಖರ್ಚು, 5,000 ಡಾಲರ್ ತನಕ ಕೊಟ್ಟಿತು. ಸರಿಯಾದ ಟ್ರಾನ್ಸ್‌ಪಾಂಡರ್ ಕೂರಿಸೋರಿಗೂ ಅದು ಲೆಕ್ಕಕ್ಕೆ ಬಂತು. ಅಮೆರಿಕದವರು 2016ರಲ್ಲಿ 500 ಡಾಲರ್ ಕೊಟ್ಟರು, ಆದರೆ ಸಿಂಗಲ್ ಪಿಸ್ಟನ್ ಇಂಜಿನ್ ಇದ್ದ ವಿಮಾನಕ್ಕೆ ಮಾತ್ರ. ಅಪ್ಪನ ಮೊದಲ ಪ್ರಶ್ನೆ ಅಷ್ಟೇನೂ ದಡ್ಡತನದ್ದಲ್ಲ ಅನ್ನಿ.

ಬಂದ 250ನ್ನು ಮೂರಕ್ಕೆ ಭಾಗಿಸಿದರೆ 83 ಪೌಂಡು 33 ಪೆನ್ನಿ, ಒಂದು ಪೆನ್ನಿ ಉಳಿಯುತ್ತದೆ. ಮೇಷ್ಟ್ರು ಆ ಒಂದು ಪೆನ್ನಿಯನ್ನೂ ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರಿಗೆ ಬರೆದಿದ್ದಾರೆ.

ನಾನು ಎಣಿಸದೆ ಇದ್ದ ಲಾಭ ಒಂದಿದೆ. ಈ ಡಬ್ಬಿಗಳ ಸಿಗ್ನಲ್ಲನ್ನು ನೆಲದ ಮೇಲಿನ ಹವ್ಯಾಸಿಗಳ ರಿಸೀವರುಗಳು ಹಿಡಿದು ಇಂಟರ್ನೆಟ್ಟಿಗೆ ಹಾಕುತ್ತವೆ, ಓಪನ್ ಗ್ಲೈಡರ್ ನೆಟ್‌ವರ್ಕ್ ಅಂತ ಗ್ಲೈಡರಿಗಾಗಿಯೇ ಇದೆ. ತಮ್ಮ ಅದನ್ನು ಅಪ್ಪನ ಫೋನಿನಲ್ಲಿ ತೆರೆದುಕೊಟ್ಟಿದ್ದಾನೆ. ಶನಿವಾರ ಸಂಜೆ ಜಗಲಿ ಮೇಲೆ ಕೂತು ನನ್ನನ್ನು ನೋಡುತ್ತಾರೆ. "ಯಾಕಪ್ಪ, ಹದ್ದಿನಂಗೆ ಅಲ್ಲೇ ಸುತ್ತುತಾ ಇದ್ದೆ?" ಅಂತ ರಾತ್ರಿ ವಿಚಾರಣೆ. ಅಲ್ಲೇ ಸುತ್ತಿದ್ರೇ ಮೇಲೆ ಹೋಗೋದು ಅಪ್ಪ ಅಂದರೆ, ಹದ್ದಿಗೆ ಅದು ಗೊತ್ತು, ನಿನಗೆ ಯಾರು ಹೇಳಿಕೊಟ್ಟರು ಅನ್ನುತ್ತಾರೆ.

ಕಳೆದ ಆಗಸ್ಟಿನಲ್ಲಿ ಸಾಲ್ಸ್‌ಬರಿ ದಾಟಿ ವಾಪಸ್ ಬರುವಾಗ ಮೇಲೇಳುವ ಗಾಳಿ ಸತ್ತಿತು. ಆಂಡೋವರ್ ಹತ್ತಿರ ಒಂದು ಹೊಲ ನೋಡಿ ಇಳಿದೆ. ಮಧ್ಯಾಹ್ನ ನಾಲ್ಕು, ಊರಲ್ಲಿ ರಾತ್ರಿ ಎಂಟೂವರೆ. ಕೆಳಗೆ ಬಂದಂತೆ ಸಿಗ್ನಲ್ ಮರಗಳ ಹಿಂದೆ ಹೋಗಿ, ಅಪ್ಪನ ಪರದೆಯ ಮೇಲೆ ಗೆರೆ ನೆಲದಿಂದ ನಾನೂರು ಅಡಿ ಎತ್ತರದಲ್ಲೇ ತುಂಡಾಗಿದೆ. ನಾನು ಬೆಲ್ಟು ಬಿಚ್ಚಿ ಹೊರಗೆ ಕಾಲಿಡುವಷ್ಟರಲ್ಲಿ ಫೋನು. ಮೊದಲ ಎರಡು ಸೆಕೆಂಡು ಬರೀ ಉಸಿರು. ಚೆನ್ನಾಗಿದೀನಿ ಅಪ್ಪ, ಹೊಲದಲ್ಲಿ ಇಳಿದಿದೀನಿ ಅಂದೆ.

"ಯಾರ ಹೊಲ?"

ಗೊತ್ತಿಲ್ಲ, ಮನೆ ಹುಡುಕಿಕೊಂಡು ಹೋಗಿ ಹೇಳಬೇಕು.

"ಬೆಳೆ ಇತ್ತೇನೋ?"

ಇಲ್ಲ, ಬಾರ್ಲಿ ಕೊಯ್ಲಾಗಿತ್ತು, ಬರೀ ಕೂಳೆ.

"ಸದ್ಯ," ಅಂದರು. "ಹೋಗಿ ಅವನ ಹತ್ರ ಮೊದಲು ಮಾತಾಡು. ಆಮೇಲೆ ನನಗೆ ಫೋನ್ ಮಾಡು."